585101: ನಮ್ಮ ಪಿನ್ ಕೋಡ್ ಕೆಟ್ಟ ಸಂಖ್ಯೆಯಾ?

ಓದುಗರ ಪ್ರಶ್ನೆ:

"ನಮಸ್ಕಾರ ಸರ್. ನಾವು ಕಲಬುರಗಿಯವರು. ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಮಾರುತ್ತೇನೆ. ಈಗ ಒಂದು ಸಣ್ಣ ಮಳಿಗೆ ಬಾಡಿಗೆಗೆ ಹಿಡಿಯಬೇಕು ಅಂತಿದ್ದೇವೆ. ನೋಡಿದ ಜಾಗ ಎರಡು. ಒಂದರ ಪಿನ್ ಕೋಡ್ 585101, ಇನ್ನೊಂದರದ್ದು 585102. ಮೊದಲನೆಯದು ಮನೆಗೆ ಹತ್ತಿರ. ಎರಡನೆಯದಕ್ಕೆ ತಿಂಗಳಿಗೆ ಎರಡು ಸಾವಿರ ಬಾಡಿಗೆ ಜಾಸ್ತಿ. ಒಂಬತ್ತನೇ ಕ್ಲಾಸಿನ ಮಗಳು ಶಾಲೆಯ ಪ್ರಾಜೆಕ್ಟಿಗೆ ಅಂತ 585101ರ ಗುಣಗಳನ್ನು ಫೋನಿನಲ್ಲಿ ಹುಡುಕಿದಳು. ಫೋನ್ ಕನ್ನಡ ಮಾಡಿ ತೋರಿಸಿದ್ದು ಹೀಗೆ: ಕೊರತೆಯ ಸಂಖ್ಯೆ, ಅಸಂತೋಷದ ಸಂಖ್ಯೆ, ಅಸಹ್ಯ ಸಂಖ್ಯೆ. ಆಗ ಯಾದಗಿರಿಯಿಂದ ಬಂದಿದ್ದ ನಮ್ಮ ಸಂಬಂಧಿಕರು 585102 ಹಾಕಿ ನೋಡಿದರು. ಅದಕ್ಕೆ ಸಮೃದ್ಧ, ಹರ್ಷದ ಅಂತ ಬಂತು. ಅಂದಿನಿಂದ ನಮ್ಮ ಅತ್ತೆಗೆ ನಿದ್ದೆ ಇಲ್ಲ. 'ಇಂಥಾ ನಂಬರಿನ ಜಾಗಾದಾಗ ಒಲಿ ಹಚ್ಚಬ್ಯಾಡ್ರಿ' ಅಂತಾರೆ. ಸಂಖ್ಯಾಶಾಸ್ತ್ರ ಹೇಳುವವರೊಬ್ಬರು, ಅಂಕಿ ಕೂಡಿಸಿದರೆ 2 ಬರುತ್ತದೆ, ನಿಮ್ಮ ಯಜಮಾನರಿಗೆ ಆಗಿಬರಲ್ಲ, ಜಾಗ ಯಾವುದೇ ಇರಲಿ, ಪ್ಯಾಕೆಟ್ ಮೇಲೆ 585102 ಅಂತಲೇ ಹಾಕಿಸಿ ಅಂದರು. ಮಗಳದ್ದು ಬೇರೆಯೇ ಚಿಂತೆ. 585101 ಯಾವುದರಿಂದಲೂ ಭಾಗವಾಗಲಿಲ್ಲ, ಅದಕ್ಕೇ ಅವಿಭಾಜ್ಯ ಸಂಖ್ಯೆ ಅಂತ ಬರೆದಳು. ಟೀಚರ್ ತಪ್ಪು ಹಾಕಿದ್ದಾರೆ. ಯಾಕೆ ಅಂತ ಅವಳಿಗೆ ಗೊತ್ತಾಗಿಲ್ಲ. ನಮ್ಮೂರ ಪಿನ್‌ಗಳಲ್ಲಿ ಒಂದಾದರೂ ಅವಿಭಾಜ್ಯ ಇದೆಯಾ ಅಂತ ಕೇಳುತ್ತಾಳೆ. ನಮಗೆ ತಿಳಿಯುವ ಹಾಗೆ ಹೇಳಿ ಸರ್."

ಉತ್ತರ:

ಅಕ್ಕಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಚಿಂತೆ ಮಳಿಗೆಯದು, ಮಗಳ ಚಿಂತೆ ಲೆಕ್ಕದ್ದು. ಎರಡಕ್ಕೂ ಬೇರು ಒಂದೇ. ಒಂದು ಸಂಖ್ಯೆಗೆ ಯಾರೋ ಇಟ್ಟ ಹೆಸರನ್ನು ಅದರ ಗುಣ ಅಂತ ತಿಳಿದದ್ದು. ನಾನು ಇಪ್ಪತ್ತೆರಡು ವರ್ಷದಿಂದ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೇನೆ. ಇಂಥ ಹೆಸರು ಕೇಳಿ ಹೆದರಿದವರಲ್ಲಿ ನೀವು ಮೊದಲಿಗರಲ್ಲ. ನಾನೇ ಹುಡುಗನಾಗಿದ್ದಾಗ ಒಬ್ಬ ಹಿರಿಯರು ನನ್ನ ಪರೀಕ್ಷೆಯ ನಂಬರ್ ಕೂಡಿಸಿ ನೋಡಿ, ಇದು ಸರಿ ಇಲ್ಲ ಅಂದಿದ್ದರು. ಮೊದಲ ದಿನ ಪೇಪರ್ ಕೈಗೆ ಬಂದಾಗ ಬೆರಳು ನಡುಗುತ್ತಿತ್ತು. ಗೊತ್ತಿದ್ದ ಲೆಕ್ಕವೂ ಆ ದಿನ ತಪ್ಪಿತು. ಹಾಗಾಗಿ ನಿಮ್ಮ ಅತ್ತೆಯವರ ಭಯವನ್ನು ನಾನು ಹಗುರ ಮಾಡಿ ಮಾತಾಡುವುದಿಲ್ಲ. ಆದರೆ ಆ ಹೆಸರುಗಳ ಹಿಂದೆ ಏನಿದೆ ಅನ್ನುವುದನ್ನು ಬಿಡಿಸಿ ಹೇಳಬೇಕು.

ಮೊದಲು ಸಂಖ್ಯೆಯನ್ನು ಒಡೆದು ನೋಡೋಣ. ನಿಮ್ಮದೇ ಕೆಲಸದಿಂದ ಶುರು ಮಾಡುತ್ತೇನೆ. ನಿಮ್ಮ ಹತ್ತಿರ 585101 ರೊಟ್ಟಿ ಇವೆ ಅಂದುಕೊಳ್ಳಿ. ಒಂದೂ ಉಳಿಯದಂತೆ ಸಮನಾಗಿ ಕಟ್ಟು ಕಟ್ಟಬೇಕು. ಹತ್ತರ ಕಟ್ಟು ಮಾಡಿದರೆ ಕೊನೆಗೆ ಒಂದು ರೊಟ್ಟಿ ಉಳಿಯುತ್ತದೆ. ಡಜನ್ ಕಟ್ಟು ಮಾಡಿದರೆ ಐದು ಉಳಿಯುತ್ತವೆ. ಹನ್ನೊಂದರ ಕಟ್ಟು ಮಾಡಿ ನೋಡಿ. ಸರಿಯಾಗಿ 53191 ಕಟ್ಟು, ಒಂದೂ ಉಳಿಯುವುದಿಲ್ಲ. ಹೀಗೆ ಶೇಷ ಉಳಿಸದೆ ಭಾಗಿಸುವ ಸಂಖ್ಯೆಯನ್ನೇ ಅಪವರ್ತನ ಅನ್ನುತ್ತೇವೆ. 53191ನ್ನು ಮತ್ತೆ 43ರಿಂದ ಭಾಗಿಸಬಹುದು, 1237 ಬರುತ್ತದೆ. 1237 ಮಾತ್ರ ಅವಿಭಾಜ್ಯ, ಅದನ್ನು ಮುಂದೆ ಒಡೆಯಲು ಆಗುವುದಿಲ್ಲ. ಅಂದರೆ 585101 = 11 × 43 × 1237. ನಿಮ್ಮ ಕಟ್ಟಿನ ಅಳತೆ 11, 43, 473, 1237, 13607, 53191 ಇವಿಷ್ಟೇ ಆಗಬಹುದು. ಒಂದೊಂದೇ ರೊಟ್ಟಿ ಇಡುವುದು ಮತ್ತು ಎಲ್ಲವನ್ನೂ ಒಂದೇ ಕಟ್ಟು ಮಾಡುವುದು ಸೇರಿದರೆ ಒಟ್ಟು ಎಂಟು ದಾರಿ.

ಹೀಗೆ ಬೇರೆ ಬೇರೆ ಮೂರು ಅವಿಭಾಜ್ಯಗಳನ್ನು ಗುಣಿಸಿ ಆಗುವ ಸಂಖ್ಯೆಗೆ ಸ್ಫೀನಿಕ್ ಅನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಅದರ ಮೂಲ ಪದಕ್ಕೆ ಬೆಣೆ ಅಂತ ಅರ್ಥ, ಕೊಡಲಿಯ ಕಾವು ಬಿಗಿಯಾಗಲಿ ಅಂತ ಹೊಡೆಯುತ್ತೇವಲ್ಲ ಅದು. ಇಂಥ ಸಂಖ್ಯೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದು 30, ಅಂದರೆ 2 × 3 × 5. ನಾನು ಕನ್ನಡದಲ್ಲಿ ಬೆಣೆ ಸಂಖ್ಯೆ ಅಂತಲೇ ಹೇಳಿಕೊಡುತ್ತೇನೆ. ಮಕ್ಕಳಿಗೆ ಬೇಗ ನೆನಪು ಉಳಿಯುತ್ತದೆ.

ಯಾದಗಿರಿಯ 585201 ಕೂಡ ಬೆಣೆ ಸಂಖ್ಯೆಯೇ, 3 × 97 × 2011. ಬೀದರಿನ 585401 ಮಾತ್ರ ಬೇರೆ ಥರ. ಅದರಲ್ಲಿ ಇರುವುದು ಎರಡೇ ಅವಿಭಾಜ್ಯಗಳು, 137 × 4273. ಮೂರೂ ಜಿಲ್ಲೆಯ ಪಿನ್‌ಗಳನ್ನು ಪಕ್ಕಪಕ್ಕ ಇಟ್ಟು ಒಡೆದಾಗ ನನಗೆ ಎಷ್ಟು ಖುಷಿ ಆಯಿತು ಅಂದರೆ ಮನೆಯವರನ್ನು ಕರೆದು ತೋರಿಸಿದೆ.

ಈಗ ಆ ಹೆದರಿಸಿದ ಹೆಸರುಗಳಿಗೆ ಬರೋಣ.

'ಕೊರತೆ' ಅಂದರೆ ಇಷ್ಟೇ. ಒಂದು ಸಂಖ್ಯೆಯನ್ನು ಬಿಟ್ಟು ಅದರ ಉಳಿದ ಅಪವರ್ತನಗಳನ್ನೆಲ್ಲ ಕೂಡಿಸಬೇಕು. ಮೊತ್ತ ಆ ಸಂಖ್ಯೆಗಿಂತ ಕಡಿಮೆ ಬಂದರೆ ಕೊರತೆಯ ಸಂಖ್ಯೆ, ಜಾಸ್ತಿ ಬಂದರೆ ಸಮೃದ್ಧ, ಸರಿಸಮ ಬಂದರೆ ಪರಿಪೂರ್ಣ. 6ನ್ನು ನೋಡಿ, 1 + 2 + 3 ಕೂಡಿಸಿದರೆ ಅದೇ 6 ಬರುತ್ತದೆ, ಅದು ಪರಿಪೂರ್ಣ. ಅದರ ನಂತರದವು 28, 496, 8128. 585101ಕ್ಕೆ ಕೂಡಿಸಿದರೆ 1 + 11 + 43 + 473 + 1237 + 13607 + 53191, ಒಟ್ಟು 68563. ಇದು 585101ಕ್ಕಿಂತ ಬಹಳ ಕಡಿಮೆ, ಅದಕ್ಕೇ ಆ ಹೆಸರು. ಎಲ್ಲ ಅವಿಭಾಜ್ಯ ಸಂಖ್ಯೆಗಳೂ ಕೊರತೆಯವೇ. ಒಟ್ಟಾರೆ ಸಂಖ್ಯೆಗಳಲ್ಲಿ ಸಮೃದ್ಧವಾದವು ಸುಮಾರು ಕಾಲು ಭಾಗ ಮಾತ್ರ. ಅಂದರೆ ನಾಲ್ಕರಲ್ಲಿ ಮೂರು ಪಾಲು ಸಂಖ್ಯೆಗಳು ಕೊರತೆಯ ಗುಂಪಿಗೇ ಸೇರುತ್ತವೆ.

ಇನ್ನು 585102 ಸಮೃದ್ಧ ಯಾಕೆ? ಅದು 6ರಿಂದ ಭಾಗವಾಗುತ್ತದೆ, ಅಷ್ಟೇ ಕಾರಣ. 6ರಿಂದ ಭಾಗವಾಗುವ ಯಾವುದೇ ಸಂಖ್ಯೆಯ ಅರ್ಧ, ಮೂರನೇ ಒಂದು ಪಾಲು, ಆರನೇ ಒಂದು ಪಾಲು ಕೂಡಿಸಿದರೆ ಅದೇ ಸಂಖ್ಯೆ ಬರುತ್ತದೆ. ಇಲ್ಲಿ 292551 + 195034 + 97517, ಮೊತ್ತ 585102. ಅದರ ಮೇಲೆ ಉಳಿದ ಅಪವರ್ತನಗಳನ್ನೂ ಕೂಡಿಸುವುದರಿಂದ ಸಂಖ್ಯೆಯನ್ನು ದಾಟಿ ಹೋಗುತ್ತದೆ. 12, 18, 24, 30 ಎಲ್ಲವೂ ಸಮೃದ್ಧವೇ. ಪಂಚಾಂಗ ನೋಡಿ ಯಾರೂ ಕೊಟ್ಟ ಸಮೃದ್ಧಿ ಅಲ್ಲ ಇದು. ಗ್ರೀಕರ ಕಾಲದಲ್ಲಿ ನಿಕೋಮೇಕಸ್ ಅನ್ನುವ ಗಣಿತಜ್ಞ ಈ ಮೂರು ಗುಂಪುಗಳಿಗೆ ಗುಣ-ದೋಷದ ಬಣ್ಣ ಹಚ್ಚಿದ. ಸಮೃದ್ಧ ಸಂಖ್ಯೆಗಳನ್ನು ಬೇಕಾದ್ದಕ್ಕಿಂತ ಜಾಸ್ತಿ ಅಂಗ ಇರುವ ಪ್ರಾಣಿಗೂ, ಕೊರತೆಯವನ್ನು ಅಂಗ ಕಡಿಮೆ ಇರುವ ಪ್ರಾಣಿಗೂ ಹೋಲಿಸಿದ. ಅವನ ಲೆಕ್ಕದಲ್ಲಿ ಸಮೃದ್ಧವೂ ಹೊಗಳಿಕೆ ಅಲ್ಲ! ಹೊಗಳಿಕೆ ಪರಿಪೂರ್ಣಕ್ಕೆ ಮಾತ್ರ. ಅವನು ಬಣ್ಣ ಹಚ್ಚಿ ಸುಮಾರು ಎರಡು ಸಾವಿರ ವರ್ಷ ಆಯಿತು. ಈಗ ಬಣ್ಣ ಹೋಗಿದೆ, ಹೆಸರು ಮಾತ್ರ ಉಳಿದಿದೆ.

'ಅಸಹ್ಯ' ಅಂತ ಬಂದದ್ದು ಅನುವಾದದ ಎಡವಟ್ಟು. ಕಂಪ್ಯೂಟರ್ ಸಂಖ್ಯೆಗಳನ್ನು 0 ಮತ್ತು 1ರಲ್ಲಿ ಬರೆಯುತ್ತದೆ. 585101ನ್ನು ಹಾಗೆ ಬರೆದರೆ 10001110110110001101. ಅದರಲ್ಲಿ ಹನ್ನೊಂದು ಒಂದುಗಳಿವೆ. ಹನ್ನೊಂದು ಬೆಸ. ಇಂಗ್ಲಿಷಿನಲ್ಲಿ ಬೆಸಕ್ಕೆ ಆಡ್, ಸಮಕ್ಕೆ ಈವನ್ ಅನ್ನುತ್ತಾರಲ್ಲ. ಆಟಗಳ ಗಣಿತದ ಮೇಲೆ ಬರೆಯುತ್ತಿದ್ದ ಬರ್ಲೆಕ್ಯಾಂಪ್, ಕಾನ್ವೇ, ಗೈ ಎಂಬ ಮೂವರು ಗಣಿತಜ್ಞರು ಸದ್ದು ಹೊಂದಲಿ ಅಂತ ಆಡ್‌ಗೆ ಓಡಿಯಸ್, ಈವನ್‌ಗೆ ಈವಿಲ್ ಅಂತ ಹೆಸರಿಟ್ಟರು. ಅದು ಬರೀ ಪ್ರಾಸ. ಫೋನ್ ಪ್ರಾಸ ಬಿಟ್ಟು ಅರ್ಥ ಹಿಡಿದು, ಅಸಹ್ಯ, ದುಷ್ಟ ಅಂತ ಕನ್ನಡ ಮಾಡುತ್ತದೆ. ಯಾದಗಿರಿಯ 585201ರಲ್ಲೂ ಬೀದರಿನ 585401ರಲ್ಲೂ ಹನ್ನೆರಡು ಒಂದುಗಳಿವೆ. ಆ ಲೆಕ್ಕಕ್ಕೆ ಅವೆರಡೂ ದುಷ್ಟ ಆಗಬೇಕು. ಒಟ್ಟು ಸಂಖ್ಯೆಗಳಲ್ಲಿ ಅರ್ಧ ಒಂದು ಕಡೆ, ಅರ್ಧ ಇನ್ನೊಂದು ಕಡೆ. ಒಂದುಗಳು ಸಮವೋ ಬೆಸವೋ ಅನ್ನುವುದಕ್ಕೆ ಒಳ್ಳೆಯ ಉಪಯೋಗವೂ ಇದೆ. ಮಾಹಿತಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ ಒಂದು ಅಂಕಿ ಕೆಟ್ಟಿದೆಯಾ ಅಂತ ಪತ್ತೆ ಹಚ್ಚಲು ಇದೇ ಎಣಿಕೆಯನ್ನು ಬಳಸುತ್ತಾರೆ.

'ಅಸಂತೋಷ'ದ ಕಥೆ ಇನ್ನೂ ಚಿಕ್ಕದು. ಒಂದೊಂದು ಅಂಕಿಯನ್ನೂ ಅದರಿಂದಲೇ ಗುಣಿಸಿ ಕೂಡಿಸುತ್ತಾ ಹೋಗಬೇಕು. ಕೊನೆಗೆ 1 ಬಂದರೆ ಸಂತೋಷದ ಸಂಖ್ಯೆ. 19ನ್ನು ನೋಡಿ, 1 + 81 ಅಂದರೆ 82, ಆಮೇಲೆ 68, ಆಮೇಲೆ 100, ಆಮೇಲೆ 1. ಅದು ಸಂತೋಷದ್ದು. 585101 ಹಾಗಲ್ಲ. ಅದು 116, 38, 73, 58, 89 ಅಂತ ಹೋಗಿ ಒಂದು ಸುತ್ತಿನೊಳಗೆ ಸಿಕ್ಕಿಕೊಳ್ಳುತ್ತದೆ, 1 ಬರುವುದೇ ಇಲ್ಲ. ಈಗ ನಿಮ್ಮ ಸಂಬಂಧಿಕರು ಪೂರ್ತಿ ನೋಡದೆ ಬಿಟ್ಟದ್ದನ್ನು ಹೇಳುತ್ತೇನೆ. 585102 ಕೂಡ ಅಸಂತೋಷದ್ದೇ! 119, 83, ಆಮೇಲೆ ಅದೇ 73. ಎರಡೂ ಅಲ್ಲಿ ಕೂಡಿ ಒಂದೇ ದಾರಿ ಹಿಡಿಯುತ್ತವೆ. ಅದನ್ನು 0, 1ರಲ್ಲಿ ಬರೆದರೂ ಹನ್ನೊಂದೇ ಒಂದುಗಳು, ಅದೂ 'ಅಸಹ್ಯ'ವೇ. 585101ರಿಂದ 585106ರವರೆಗಿನ ಆರೂ ಸಂಖ್ಯೆಗಳನ್ನು ಲೆಕ್ಕ ಹಾಕಿದೆ. ಆರೂ ಅಸಂತೋಷದವು. ಮೊದಲ ಸಾವಿರ ಸಂಖ್ಯೆಗಳಲ್ಲೇ ಸಂತೋಷದವು 143 ಮಾತ್ರ.

'ಹರ್ಷದ' ಅನ್ನುವುದು ನಮ್ಮವರೇ ಇಟ್ಟ ಹೆಸರು. ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ಕಾಪ್ರೇಕರ್ ಅವರು ಇಟ್ಟದ್ದು. ಅಂಕಿಗಳ ಮೊತ್ತದಿಂದ ಸಂಖ್ಯೆ ಪೂರ್ತಿ ಭಾಗವಾದರೆ ಹರ್ಷದ, ಅಂದರೆ ಹರ್ಷ ಕೊಡುವುದು. ಕೊಡುವುದು ಲೆಕ್ಕ ಮಾಡುವವರಿಗೆ. 585102ರ ಅಂಕಿಗಳ ಮೊತ್ತ 21. 21 × 27862 = 585102. ಸರಿಯಾಗಿ ಭಾಗವಾಗುತ್ತದೆ. ಹೀಗೆ ಒಂದೇ ಸಂಖ್ಯೆ ಹರ್ಷದವೂ ಹೌದು, ಅಸಂತೋಷದ್ದೂ ಹೌದು, ಸಮೃದ್ಧವೂ ಹೌದು, ಅಸಹ್ಯವೂ ಹೌದು. ಈ ಹೆಸರುಗಳು ಜಾಗದ ಭಾಗ್ಯ ಹೇಳುವಂತಿದ್ದರೆ ಒಂದೇ ಜಾಗಕ್ಕೆ ನಾಲ್ಕೂ ಸೇರಿ ಬರುತ್ತಿರಲಿಲ್ಲ ಅಲ್ವಾ? ಅತ್ತೆಯವರಿಗೆ ಇದೊಂದನ್ನು ಕೂತು ತೋರಿಸಿ. ಅವರ ಮಾತು ತಪ್ಪು ಅಂತ ಹೇಳುವುದು ಬೇಡ. ಎರಡೂ ಜಾಗದ ಪಟ್ಟಿಯನ್ನು ಪೂರ್ತಿ ಓದಿ ಹೇಳಿದರೆ ಸಾಕು.

ಇಲ್ಲಿ ನನಗೆ ಮುಖ್ಯ ಅನಿಸುವ ಒಂದು ಭೇದ ಇದೆ. ಕೆಲವು ಗುಣಗಳು ಸಂಖ್ಯೆಯ ಒಳಗೇ ಇರುತ್ತವೆ. ಕೆಲವು ನಾವು ಅದನ್ನು ಬರೆಯುವ ರೀತಿಯಿಂದ ಬರುತ್ತವೆ. 585101 ಅಂತ ಬರೆಯಿರಿ, ೫೮೫೧೦೧ ಅಂತ ಬರೆಯಿರಿ, ನಮ್ಮೂರಿನ ಉರ್ದು ಬೋರ್ಡಿನ ಅಂಕಿಯಲ್ಲಿ ಬರೆಯಿರಿ, 0 ಮತ್ತು 1ರಲ್ಲೇ ಬರೆಯಿರಿ. ಅಷ್ಟು ರೊಟ್ಟಿಯನ್ನು 11ರ ಕಟ್ಟು ಕಟ್ಟಬಹುದು ಅನ್ನುವುದು ಬದಲಾಗದು. 11, 43, 1237 ಅದರ ಒಳಗಿನವು. ಕೊರತೆಯೂ ಒಳಗಿನದೇ. ಆದರೆ ಸಂತೋಷ, ಹರ್ಷದ ಎರಡೂ ನಾವು ಹತ್ತು ಹತ್ತಾಗಿ ಎಣಿಸಿ ಅಂಕಿ ಬರೆಯುವುದರಿಂದ ಬಂದವು. ಹನ್ನೆರಡರ ಗುಂಪಿನಲ್ಲಿ ಎಣಿಸುವ ಜನ ಇದ್ದಿದ್ದರೆ ಅವರ ಪಟ್ಟಿಯೇ ಬೇರೆ ಇರುತ್ತಿತ್ತು.

ಸಂಖ್ಯಾಶಾಸ್ತ್ರದವರು ಕೂಡಿಸಿದ್ದೂ ಈ ಎರಡನೇ ಬಗೆಯದು. 5 + 8 + 5 + 1 + 0 + 1 ಅಂದರೆ 20, 2 + 0 ಅಂದರೆ 2. ಈ 2 ಎಲ್ಲಿಂದ ಬಂತು? 585101ನ್ನು 9ರಿಂದ ಭಾಗಿಸಿದರೆ ಉಳಿಯುವ ಶೇಷ ಅದು. ಬೇರೇನೂ ಅಲ್ಲ. ಒಳಗಿರುವ 43, 1237 ಯಾವುದರ ಸುದ್ದಿಯೂ ಆ 2ರಲ್ಲಿ ಇಲ್ಲ. ಪ್ರತಿ ಒಂಬತ್ತು ಸಂಖ್ಯೆಗೆ ಒಂದಕ್ಕೆ 2 ಬರುತ್ತದೆ.

ಪಿನ್ ಕೋಡಿನ ಅಂಕಿಗಳಿಗೆ ಅಂಚೆ ಇಲಾಖೆ ಕೊಟ್ಟ ಅರ್ಥ ಬೇರೆಯೇ ಇದೆ. 1972ರ ಆಗಸ್ಟ್ 15ರಂದು ಈ ಪದ್ಧತಿ ಬಂತು. ಶ್ರೀರಾಮ ಭಿಕಾಜಿ ವೇಲಣಕರ್ ಅವರು ಇದರ ರೂವಾರಿ. ಒಂದೇ ಹೆಸರಿನ ಊರುಗಳು, ಬೇರೆ ಬೇರೆ ಭಾಷೆಯ ವಿಳಾಸಗಳು, ಕಾಗದ ಎಲ್ಲೆಲ್ಲೋ ಹೋಗುತ್ತಿದ್ದವು. ಆ ಗೊಂದಲ ತಪ್ಪಿಸಲು ಮಾಡಿದ್ದು. ಮೊದಲ 5 ನಮ್ಮ ದಕ್ಷಿಣದ ವಲಯ. 585 ಅಂದರೆ ಕಾಗದ ವಿಂಗಡಿಸುವ ನಮ್ಮ ಜಿಲ್ಲಾ ವಿಭಾಗ, ಅದಕ್ಕೇ ಕಲಬುರಗಿ, ಯಾದಗಿರಿ, ಬೀದರ್ ಮೂರಕ್ಕೂ ಅದೇ ಮೂರು ಅಂಕಿ. ಕೊನೆಯ ಮೂರು ಅಂಕಿ ಬಟವಾಡೆ ಮಾಡುವ ಅಂಚೆ ಕಚೇರಿಯದು. 101ರ ನಂತರ 102 ಬಂದದ್ದು ಸಾಲಿನಲ್ಲಿ ನಿಂತ ಹಾಗೆ.

ಮಗಳ ಲೆಕ್ಕಕ್ಕೆ ಈಗ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಪತ್ರದಲ್ಲಿ ನನಗೆ ಬಹಳ ಹಿಡಿಸಿದ್ದು ಅವಳ ಪ್ರಶ್ನೆ.

ಅವಳು ಬಹುಶಃ 2, 3, 5, 7ರಿಂದ ಭಾಗಿಸಿ ನೋಡಿ ನಿಲ್ಲಿಸಿರಬೇಕು. ಪ್ರತಿ ವರ್ಷ ನನ್ನ ತರಗತಿಯಲ್ಲೂ ಇದೇ ಆಗುತ್ತದೆ. 91ನ್ನು ಅವಿಭಾಜ್ಯ ಅಂತ ಬರೆಯುವವರು ಇದ್ದೇ ಇರುತ್ತಾರೆ, ಅದು 7 × 13. ಹಾಗಾದರೆ ಎಲ್ಲಿಯವರೆಗೆ ನೋಡಬೇಕು? ವರ್ಗಮೂಲದವರೆಗೆ. 765ನ್ನು 765ರಿಂದ ಗುಣಿಸಿದರೆ 585225, ನಮ್ಮ ಸಂಖ್ಯೆಯನ್ನು ದಾಟುತ್ತದೆ. ಅಪವರ್ತನಗಳು ಯಾವಾಗಲೂ ಜೋಡಿಯಾಗಿ ಬರುತ್ತವೆ. ಎರಡೂ 765 ಅಥವಾ ಅದಕ್ಕಿಂತ ದೊಡ್ಡವಿದ್ದರೆ ಗುಣಲಬ್ಧ 585101 ಆಗಲಾರದು. ಹಾಗಾಗಿ ಜೋಡಿಯಲ್ಲಿ ಚಿಕ್ಕದು 765ರ ಒಳಗೇ ಸಿಗಬೇಕು. 765ರ ಒಳಗೆ ಅವಿಭಾಜ್ಯಗಳು 135 ಇವೆ. ಒಂದೂ ತಾಗದಿದ್ದರೆ ಮಾತ್ರ ಸಂಖ್ಯೆ ಅವಿಭಾಜ್ಯ ಅನ್ನಬಹುದು.

135 ಅಂತ ಕೇಳಿ ಅವಳು ಎದೆಗುಂದಬಾರದು. 11 ಸಿಕ್ಕ ಕೂಡಲೇ ಕೆಲಸ 53191ಕ್ಕೆ ಇಳಿಯಿತು. 43 ಸಿಕ್ಕ ಮೇಲೆ 1237 ಉಳಿಯಿತು. 43ಕ್ಕಿಂತ ಚಿಕ್ಕವನ್ನೆಲ್ಲ ಆಗಲೇ ನೋಡಿ ಆಗಿದೆ, 43 × 43 ಅಂದರೆ 1849, ಅದು 1237ಕ್ಕಿಂತ ದೊಡ್ಡದು. ಆದ್ದರಿಂದ 1237ನ್ನು ಮತ್ತೆ ಪರೀಕ್ಷೆ ಮಾಡುವ ಅಗತ್ಯವೇ ಇಲ್ಲ, ಅದು ಅವಿಭಾಜ್ಯ. 43 ಹದಿನಾಲ್ಕನೆಯ ಅವಿಭಾಜ್ಯ. 135ರ ಬದಲು ಹದಿನಾಲ್ಕರಲ್ಲೇ ಕೆಲಸ ಮುಗಿಯಿತು.

ಇನ್ನೂ ಬೇಗ ಆಗುವ ಒಂದು ಉಪಾಯ ಇದೆ. 7 × 11 × 13 = 1001. ಆದ್ದರಿಂದ ಸಂಖ್ಯೆಯನ್ನು ಬಲಗಡೆಯಿಂದ ಮೂರು ಮೂರು ಅಂಕಿಯಾಗಿ ಕತ್ತರಿಸಿ ಕಳೆದರೆ ಈ ಮೂರನ್ನೂ ಒಂದೇ ಏಟಿಗೆ ನೋಡಬಹುದು. 585 ಮತ್ತು 101. ಕಳೆದರೆ 484. ಅದು 11 × 44, ಆದರೆ 7ರಿಂದಲೂ 13ರಿಂದಲೂ ಭಾಗವಾಗುವುದಿಲ್ಲ. 585101ಕ್ಕೂ ಅದೇ ತೀರ್ಪು. ಬೀದರಿಗೆ ನಾಲ್ಕು ನಾಲ್ಕು ಅಂಕಿ ಕತ್ತರಿಸಬೇಕು, ಯಾಕೆಂದರೆ 73 × 137 = 10001. 5401ರಲ್ಲಿ 58 ಕಳೆದರೆ 5343. ಅದು 137 × 39. ಹಾಗಾಗಿ 585401 ಕೂಡ 137ರಿಂದ ಭಾಗವಾಗಲೇಬೇಕು.

ಈ 73 ಮತ್ತು 137ರ ಜೊತೆ ನಮ್ಮ ನೆಲಕ್ಕೆ ಹಳೆಯ ನಂಟು ಇದೆ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದರು. ಆರಂಭದಲ್ಲೇ ನೃಪತುಂಗನನ್ನು ಹೊಗಳುತ್ತಾರೆ. ಗುಣಾಕಾರ ಕಲಿಸುವಾಗ ಅವರು ಕೊಟ್ಟ ಲೆಕ್ಕಗಳಲ್ಲಿ ಒಂದು 152207 × 73. ಉತ್ತರ 11111111. ಇನ್ನೊಂದು 27994681 × 441, ಅದರ ಉತ್ತರ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಕೊರಳ ಹಾರದ ಹಾಗೆ ಕಾಣುವ ಸಂಖ್ಯೆಗಳು. ಆ 152207ನ್ನು ಒಡೆದು ನೋಡಿ, 11 × 101 × 137. ಕಲಬುರಗಿ ಪಿನ್‌ನ 11, ಬೀದರ್ ಪಿನ್‌ನ 137, ಎರಡೂ ಆ ಹಾರದಲ್ಲಿವೆ. ಇದರಿಂದ ನಮ್ಮ ಪಿನ್‌ಗೆ ವಿಶೇಷ ಪುಣ್ಯ ಬಂತು ಅಂತ ಹೇಳುತ್ತಿಲ್ಲ, ಇದು ಕಾಕತಾಳೀಯ. ಆದರೆ ಸಾವಿರ ವರ್ಷಕ್ಕೂ ಹಿಂದೆ ಒಬ್ಬರು ದೊಡ್ಡ ಸಂಖ್ಯೆಗಳನ್ನು ಮಕ್ಕಳಿಗೆ ಹೀಗೆ ಆಸೆಯಿಂದ ತೋರಿಸಿದ್ದಾರೆ. ಹೆದರಿಸಲು ಬಳಸಲಿಲ್ಲ. ಮಗಳ ಪ್ರಾಜೆಕ್ಟಿನಲ್ಲಿ ಈ ಎರಡು ಲೆಕ್ಕ ಇರಲಿ, ಬಿಡಿಸಿ ತೋರಿಸಲಿ.

ಲೆಕ್ಕವನ್ನು ಪರೀಕ್ಷಿಸಲು ಅವಳ ಮುಂದೆ ಕೆಲವು ದಾರಿಗಳಿವೆ, ಎಲ್ಲಕ್ಕೂ ಒಂದೊಂದು ಅಪಾಯ ಇದೆ. ಕೈಯಿಂದ ಭಾಗಿಸುವುದು ಎಲ್ಲಕ್ಕಿಂತ ನಂಬಿಕೆಯದು, ಆದರೆ ಸಂಖ್ಯೆ ಬೆಳೆದ ಹಾಗೆ ಕೆಲಸ ವಿಪರೀತ ಆಗುತ್ತದೆ. ಹತ್ತು ಅಂಕಿಯ ಮೊಬೈಲ್ ನಂಬರಿಗೆ ಒಂದು ಲಕ್ಷದವರೆಗಿನ 9592 ಅವಿಭಾಜ್ಯಗಳನ್ನು ನೋಡಬೇಕಾಗಬಹುದು. ಕ್ಯಾಲ್ಕುಲೇಟರ್ ಆರು ಅಂಕಿಗೆ ಧಾರಾಳ ಸಾಕು. ತುಂಬಾ ಉದ್ದದ ಸಂಖ್ಯೆಗೆ ಮಾತ್ರ ಹುಷಾರಾಗಿರಬೇಕು. ಎಕ್ಸೆಲ್‌ನಲ್ಲಿ 15 ಅಂಕಿ ದಾಟಿದರೆ ಮುಂದಿನ ಅಂಕಿಗಳ ಜಾಗದಲ್ಲಿ ಸೊನ್ನೆ ಕೂರುತ್ತದೆ, ಅದನ್ನು ನಂಬಿ ಭಾಗಿಸಿದರೆ ಉತ್ತರ ಸುಳ್ಳಾಗುತ್ತದೆ. ಫೋನಿನಲ್ಲಿ ಹುಡುಕುವುದು ಸುಲಭ. ಆದರೆ ಅಲ್ಲಿ ಸಿಕ್ಕ ಅಪವರ್ತನಗಳನ್ನು ಒಮ್ಮೆ ಕೈಯಿಂದ ಗುಣಿಸಿ ನೋಡದೆ ಬರೆಯಬಾರದು. ಮೇಲಿನ ತರಗತಿಯಲ್ಲಿ ಅವಳಿಗೆ ಫರ್ಮಾ ಪರೀಕ್ಷೆ ಸಿಗುತ್ತದೆ. ಬೆಸ ಸಂಖ್ಯೆ ಯಾವುದೇ ಇರಲಿ, ಅದಕ್ಕಿಂತ ಒಂದು ಕಡಿಮೆ ಎಷ್ಟೋ ಅಷ್ಟು 2ಗಳನ್ನು ಒಂದಕ್ಕೊಂದು ಗುಣಿಸಿ, ಆ ಸಂಖ್ಯೆಯಿಂದ ಭಾಗಿಸಿದಾಗ ಶೇಷ 1 ಬರದಿದ್ದರೆ ಅದು ಖಂಡಿತ ಅವಿಭಾಜ್ಯ ಅಲ್ಲ. 1 ಬಂದರೆ ಮಾತ್ರ ಮೋಸ ಹೋಗುವ ಸಂಭವ ಇದೆ. 341 ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಆದರೆ ಅದು 11 × 31. ತಪ್ಪೇ ಆಗದಂತೆ, ಸಂಖ್ಯೆ ಎಷ್ಟೇ ದೊಡ್ಡದಿದ್ದರೂ ಕೆಲಸ ಮಿತಿ ಮೀರದಂತೆ ಪರೀಕ್ಷಿಸುವ ದಾರಿಯನ್ನು 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ತೋರಿಸಿದರು. ಕಯಾಲ್ ಮತ್ತು ಸಕ್ಸೇನಾ ಆಗ ಇನ್ನೂ ಎಳೆಯ ವಿದ್ಯಾರ್ಥಿಗಳು.

ನಿಮ್ಮನ್ನು ಹೆದರಿಸಿದ ಆ 2ನ್ನೂ ಬಿಸಾಡಬೇಡಿ. ಅದು ಒಳ್ಳೆಯ ಕಾವಲುಗಾರ. 11ರ ಅಂಕಿ ಕೂಡಿಸಿದರೆ 2, 43ಕ್ಕೆ 7, 1237ಕ್ಕೆ 13, ಅಂದರೆ 4. ಈಗ 2 × 7 × 4 ಅಂದರೆ 56, ಕೂಡಿಸಿದರೆ 11, ಮತ್ತೆ ಕೂಡಿಸಿದರೆ 2. ಆ ಕಡೆ 585101ಕ್ಕೂ 2. ತಾಳೆ ಆಯಿತು. ತಾಳೆ ಆಗದಿದ್ದರೆ ಗುಣಾಕಾರದಲ್ಲಿ ಎಲ್ಲೋ ತಪ್ಪಿದೆ ಅಂತ ಗ್ಯಾರಂಟಿ. ಆದರೆ ಅಂಕಿ ಹಿಂದುಮುಂದಾದರೆ ಇದಕ್ಕೆ ಗೊತ್ತಾಗುವುದಿಲ್ಲ. 585011 ಅಂತ ತಪ್ಪು ಬರೆದರೂ ಅದೇ 2 ಬರುತ್ತದೆ. ನಿಮ್ಮ ಅಂಗಡಿ ಲೆಕ್ಕದ ಪುಸ್ತಕದಲ್ಲೂ ಈ ಉಪಾಯ ಬಳಸಬಹುದು.

ಮಳಿಗೆ ವಿಷಯ. ಎರಡು ಜಾಗವನ್ನೂ ನಾನು ನೋಡಿಲ್ಲ, ಹಾಗಾಗಿ ಯಾವುದು ಹಿಡಿಯಿರಿ ಅಂತ ಹೇಳುವುದಿಲ್ಲ. ತಿಂಗಳಿಗೆ ಎರಡು ಸಾವಿರ ಅಂದರೆ ವರ್ಷಕ್ಕೆ ಇಪ್ಪತ್ನಾಲ್ಕು ಸಾವಿರ. ಅಷ್ಟು ಜಾಸ್ತಿ ಕೊಡಲು ನೀರು, ಕರೆಂಟು, ಗಿರಾಕಿಗಳ ಓಡಾಟ ಇವು ಕಾರಣ ಆಗಬಹುದು. ಪಿನ್ ಕೋಡ್ ಆಗಬಾರದು. ಅತ್ತೆಯವರ ಮನಸ್ಸಿಗೆ ಪೂಜೆ ಮಾಡಿಸಿ ಒಲೆ ಹಚ್ಚಿದರೆ ಸಮಾಧಾನ ಆಗುತ್ತದೆ ಅಂದರೆ ಖಂಡಿತ ಮಾಡಿಸಿ. ಅದು ನಿಮ್ಮ ಮನೆಯ ನಂಬಿಕೆ, ಅದರಲ್ಲಿ ನಾನು ಕೈ ಹಾಕುವುದಿಲ್ಲ. ಆದರೆ ಒಂದು ಕೆಲಸ ಮಾತ್ರ ಯಾರು ಹೇಳಿದರೂ ಮಾಡಬೇಡಿ. 585101ರ ಜಾಗದಲ್ಲಿ ಕೂತು ಪ್ಯಾಕೆಟ್ ಮೇಲೆ 585102 ಹಾಕಿಸಬೇಡಿ. ಕಾಗದ, ಪಾರ್ಸಲ್ ಬೇರೆ ಅಂಚೆ ಕಚೇರಿಗೆ ಹೋಗಿ ಸುತ್ತುತ್ತವೆ. ಆಹಾರ ಮಾರುವವರು ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ಪ್ರಾಧಿಕಾರದ ನೋಂದಣಿ ಮಾಡಿಸಬೇಕು. ಅಲ್ಲಿ ಕೊಟ್ಟ ವಿಳಾಸ ಒಂದು, ಪ್ಯಾಕೆಟ್ ಮೇಲಿನದು ಇನ್ನೊಂದು ಆದರೆ ತಪಾಸಣೆಗೆ ಬಂದವರಿಗೆ ಉತ್ತರ ಕೊಡುವುದು ನೀವೇ.

ಮಗಳ ಕೊನೆಯ ಪ್ರಶ್ನೆ ಉಳಿಯಿತು, ನಮ್ಮೂರಿನ ಪಿನ್‌ಗಳಲ್ಲಿ ಅವಿಭಾಜ್ಯ ಇದೆಯಾ? ಇಷ್ಟು ದೊಡ್ಡ ಸಂಖ್ಯೆಗಳ ಆಸುಪಾಸಿನಲ್ಲಿ ಸರಾಸರಿ ಹದಿಮೂರಕ್ಕೆ ಒಂದು ಅವಿಭಾಜ್ಯ ಸಿಗುತ್ತದೆ. ನಮ್ಮದು 585101ರಿಂದ 585106ರವರೆಗೆ ಆರೇ ಸಂಖ್ಯೆ. 585102, 585104, 585106 ಸಮ. 585105 ಐದರಿಂದ ಭಾಗವಾಗುತ್ತದೆ. 585101 ಆಗಲೇ ಒಡೆದಿದ್ದೇವೆ. 585103 ಉಳಿಯಿತು. ಅದೂ ಅವಿಭಾಜ್ಯ ಅಲ್ಲ. ಆದರೆ ಅದನ್ನು ಒಡೆದು ನಾನು ಇಲ್ಲಿ ಬರೆಯುವುದಿಲ್ಲ, ಅದು ಅವಳಿಗೆ. ಮೂರು ಮೂರು ಅಂಕಿ ಕತ್ತರಿಸುವುದರಿಂದ ಶುರು ಮಾಡಲಿ. 1ನ್ನು ಬಿಟ್ಟರೆ ಅದರ ಅತಿ ಚಿಕ್ಕ ಅಪವರ್ತನ 40 ಮತ್ತು 50ರ ನಡುವೆ ಇದೆ. ಸಿಕ್ಕ ಮೇಲೆ ಅಲ್ಲಿಗೇ ನಿಲ್ಲದೆ ಉಳಿದದ್ದನ್ನೂ ಒಡೆಯಲಿ. ಕೊನೆಗೆ ಎಷ್ಟು ಅವಿಭಾಜ್ಯಗಳು ಬಂದವು, 585101ಕ್ಕೂ ಅದಕ್ಕೂ ಏನು ಹೋಲಿಕೆ ಕಂಡಿತು ಅಂತ ನನಗೆ ಬರೆದು ಕಳಿಸಲಿ.